ನಾಯಿ ನುಂಗಿದ ಕಡ್ಡಿ ಹೃದಯಕ್ಕೆ ಹೋಗೋದು ಹೇಗೆ?

ಪುಣೆಯಲ್ಲಿರಲಿ, ಹೈದರಾಬಾದ್‌ನಲ್ಲಿರಲಿ, ನಮ್ಮಲ್ಲಿ ತುಂಬ ಜನರ ಫ್ಲ್ಯಾಟ್‌ನಲ್ಲಿ ಈಗ ಒಂದು ನಾಯಿ ಇದೆ. ವೀಕೆಂಡ್‌ನಲ್ಲಿ ಬಾಲ್ಕನಿ ಬಾರ್ಬೆಕ್ಯೂ ಕೂಡ ಇರುತ್ತೆ. ಇವತ್ತು ಮಾತಾಡೋದು ಕಬಾಬ್, ಪನೀರ್ ಟಿಕ್ಕಾ ಚುಚ್ಚುವ ಆ ಬಿದಿರು ಕಡ್ಡಿ ಬಗ್ಗೆ.

ಮಸಾಲೆ ವಾಸನೆಗೆ ನಾಯಿ ಕಡ್ಡಿಯನ್ನೇ ನುಂಗಿಬಿಡುತ್ತೆ. ಒಂದೆರಡು ಸಲ ವಾಂತಿ ಮಾಡಿ ಸುಮ್ಮನಾಗುತ್ತೆ. ನಾವು "ಸರಿಹೋಯ್ತು" ಅಂದುಕೊಳ್ತೀವಿ. ಆದರೆ ನಾಯಿಯ ಹೊಟ್ಟೆಗೂ ಹೃದಯಕ್ಕೂ ನಡುವೆ ವಪೆ ಅನ್ನೋ ತೆಳುವಾದ ಸ್ನಾಯುವಿನ ಪರದೆ ಇರುತ್ತೆ. ಚೂಪಾದ ಕಡ್ಡಿ ಅಥವಾ ಸೂಜಿ ಜಠರದ ಗೋಡೆ ತೂರಿ, ವಪೆ ದಾಟಿ, ಹೃದಯದ ಸುತ್ತಲಿನ ಚೀಲವನ್ನು ಚುಚ್ಚಬಹುದು. ಅನ್ನನಾಳದಲ್ಲೇ ಸಿಕ್ಕಿಕೊಂಡರೂ ಅಪಾಯವೇ. ಅದು ಹಾದುಹೋಗೋದು ಹೃದಯದ ಮೇಲ್ಗಡೆಯಿಂದಲೇ.

ನಮ್ಮೂರ ಕಡೆ ಹಸು ಸಾಕಿದವರಿಗೆ ಇದು ಹೊಸದಲ್ಲ. ಮೇವಿನ ಜೊತೆ ತಂತಿ, ಮೊಳೆ ನುಂಗಿದ ಹಸುವಿಗೆ ಆಮೇಲೆ ಎದೆಯ ಕೆಳಗೆ ಊತ ಬರುತ್ತೆ. ಅಲ್ಲೂ ಕಥೆ ಇದೇ. ನಾಯಿಗಳಲ್ಲಿ ಇದು ಅಪರೂಪ, ಆದರೆ ಆದಾಗ ಪ್ರಾಣಕ್ಕೇ ಕುತ್ತು.

ಚೀಲದೊಳಗೆ ರಕ್ತ ಅಥವಾ ಕೀವು ತುಂಬಿದರೆ ಹೃದಯಕ್ಕೆ ಹಿಗ್ಗೋಕೆ ಜಾಗ ಸಿಗೋದಿಲ್ಲ. ನಾಯಿ ಬೇಗ ಸುಸ್ತಾಗುತ್ತೆ, ಏದುಸಿರು ಬಿಡುತ್ತೆ, ಒಸಡು ಬಿಳಿಚಿಕೊಳ್ಳುತ್ತೆ, ಕೆಲವೊಮ್ಮೆ ಕುಸಿದು ಬೀಳುತ್ತೆ. ಇದು ಕಡ್ಡಿ ನುಂಗಿ ವಾರಗಳಾದ ಮೇಲೂ ಶುರುವಾಗಬಹುದು. ಅಷ್ಟರಲ್ಲಿ ಪಾರ್ಟಿ ನಮಗೆ ಮರೆತೇ ಹೋಗಿರುತ್ತೆ. ಹಳೆಯ ಲಾಗ್ ಇಲ್ಲದೆ ಬಗ್ ಹುಡುಕೋ ಸ್ಥಿತಿ ಡಾಕ್ಟರದು.

ಇನ್ನೊಂದು ತೊಡಕು. ಸೂಜಿ ಎಕ್ಸ್‌ರೇಯಲ್ಲಿ ಕಾಣುತ್ತೆ, ಮರದ ಕಡ್ಡಿ ಸಾಮಾನ್ಯವಾಗಿ ಕಾಣಲ್ಲ. ಹಾಗಾಗಿ "ಎಕ್ಸ್‌ರೇ ಕ್ಲಿಯರ್" ಅಂದಾಕ್ಷಣ ನಿರಾಳ ಆಗಬೇಡಿ. ಅಲ್ಟ್ರಾಸೌಂಡ್, ಸಿಟಿ ಸ್ಕ್ಯಾನ್ ಬೇಕಾ ಅಂತ ಕೇಳಿ. ನೀರು ತುಂಬಿದ್ದರೆ ಸೂಜಿ ಹಾಕಿ ತೆಗೀತಾರೆ, ಉಸಿರು ಹಗುರಾಗುತ್ತೆ. ಆದರೆ ಕಡ್ಡಿ ಒಳಗೇ ಉಳಿದರೆ ಮತ್ತೆ ತುಂಬಬಹುದು. ಆಗ ಎದೆ ತೆರೆದು ಆಪರೇಷನ್ ಮಾಡಬೇಕಾಗುತ್ತೆ.

ಹಾಗಾದ್ರೆ ಏನು ಮಾಡೋದು? ನುಂಗಿದ್ದು ಕಂಡರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಚೂಪು ವಸ್ತು ಮೇಲೆ ಬರುವಾಗಲೂ ಗಂಟಲು ಸೀಳುತ್ತೆ. ಬಾಯಲ್ಲಿ ದಾರ ಕಂಡರೆ ಎಳೆಯಬೇಡಿ, ತುದಿಯಲ್ಲಿ ಸೂಜಿ ಇರಬಹುದು. ಏನೂ ತಿನ್ನಿಸದೆ ತಕ್ಷಣ ಹೊರಡಿ. ಅಂಥದ್ದೇ ಇನ್ನೊಂದು ಕಡ್ಡಿ ಜೊತೆಗಿರಲಿ, ಡಾಕ್ಟರಿಗೆ ಉದ್ದ ಗೊತ್ತಾಗುತ್ತೆ. ಜಠರದಲ್ಲೇ ಇದ್ದರೆ ಎಂಡೋಸ್ಕೋಪ್ ಹಾಕಿ ಬಾಯಿಂದಲೇ ತೆಗೆಯೋ ಅವಕಾಶ ಇರುತ್ತೆ.

ನಾಯಿ ನಿದ್ದೆ ಮಾಡುವಾಗ ಎದೆ ಏರಿಳಿಯೋದನ್ನ ಒಂದು ನಿಮಿಷ ಎಣಿಸಿ. ಸಾಮಾನ್ಯವಾಗಿ 30ಕ್ಕಿಂತ ಕಡಿಮೆ ಇರುತ್ತೆ. ಪದೇ ಪದೇ ಅದನ್ನು ಮೀರಿದರೆ ಡಾಕ್ಟರ ಹತ್ರ ಹೋಗಿ, ತಿಂಗಳ ಹಿಂದಿನ ಆ ವಾಂತಿಯ ವಿಷಯವನ್ನೂ ಹೇಳಿ. ನಾಯಿ ಬಾಯಿಬಿಟ್ಟು ಹೇಳಲ್ಲ, ಅದರ ಪರವಾಗಿ ನಾವೇ ನೆನಪಿಟ್ಟು ಹೇಳಬೇಕು.

ಮುಂದಿನ ಬಾರ್ಬೆಕ್ಯೂನಲ್ಲಿ ಕಡ್ಡಿ ಎಣಿಸಿ ಇಡಿ, ಎಣಿಸಿ ಮುಚ್ಚಳದ ಡಬ್ಬಕ್ಕೆ ಹಾಕಿ.