ಕಾಪಾಡಬೇಕಾದ ಕೊರಳು (ನವೆಂಬರ್ 22, ಸಂತ ಸಿಸಿಲಿಯಾ ಹಬ್ಬದ ಪ್ರಬೋಧನೆ)



ಯೇಸುಸ್ವಾಮಿ ಹಾಡಿದರು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಕಡೆಯ ಭೋಜನದ ನಂತರ ಅವರೂ ಶಿಷ್ಯರೂ ಕೀರ್ತನೆ ಹಾಡಿ ಓಲಿವ್ ಗುಡ್ಡಕ್ಕೆ ಹೊರಟರೆಂದು ಸಂತ ಮತ್ತಾಯರು ಬರೆದಿದ್ದಾರೆ (26:30). ಪಾಸ್ಕ ಹಬ್ಬದಲ್ಲಿ ಯೆಹೂದ್ಯರು ಹಾಡುವ 113ರಿಂದ 118ರವರೆಗಿನ ಕೀರ್ತನೆಗಳಿಗೆ ಇದು ಸೇರಿದ್ದೆಂಬುದು ಬೈಬಲ್ ಪಂಡಿತರ ಅಭಿಪ್ರಾಯ. ಪೇತ್ರ, ಅಂದ್ರೆಯರು ಸಂಗೀತಗಾರರಲ್ಲ, ಬಲೆ ಎಳೆಯುವ ಬೆಸ್ತರು. ಆದರೆ ಚಿಕ್ಕಂದಿನಿಂದ ವರ್ಷವರ್ಷವೂ ಹಾಡಿ ರೂಢಿಯಾದ ಹಾಡು ಅಂಥ ರಾತ್ರಿಯಲ್ಲೂ ನಾಲಗೆಗೆ ಬರುತ್ತದೆ.

ಇಂದು ಗಾಯಕರ ಪಾಲಕಿ ಸಂತ ಸಿಸಿಲಿಯಾ ಹಬ್ಬ. ಮದುವೆಯ ದಿನ ವಾದ್ಯಗಳು ಮೊಳಗುತ್ತಿದ್ದಾಗ ಆಕೆ ಮನದೊಳಗೇ ದೇವರಿಗೆ ಹಾಡಿದಳೆಂದು ಪುರಾತನ ಚರಿತೆ ಹೇಳುತ್ತದೆ. ಕೊಲೆಗಾರ ಮೂರು ಬಾರಿ ಹೊಡೆದದ್ದು ಆಕೆಯ ಕೊರಳಿಗೆ. ರೋಮಿನಲ್ಲಿ ಆಕೆಯ ದೇವಾಲಯದಲ್ಲಿರುವ, 1600ರಲ್ಲಿ ಸ್ತೆಫಾನೋ ಮದೆರ್ನೋ ಕೆತ್ತಿದ ಅಮೃತಶಿಲೆಯ ಪ್ರತಿಮೆಯಲ್ಲಿ ಆ ಗಾಯ ಇಂದಿಗೂ ಕಾಣುತ್ತದೆ.

ಆದರೆ ಹಾಡುವ ಕೊರಳನ್ನು ಕೆಡಿಸಲು ಕತ್ತಿಯೇ ಬೇಕಿಲ್ಲ. ಎಷ್ಟೋ ಗಾನವೃಂದಗಳಲ್ಲಿ ನವೆಂಬರ್‌ವರೆಗೆ ಅಭ್ಯಾಸವೇ ಇಲ್ಲ. ಡಿಸೆಂಬರ್ ಬಂದೊಡನೆ ರಾತ್ರಿ ಮೂರು ಮೂರು ಗಂಟೆ ಅರಚಾಟ. ಕ್ರಿಸ್ಮಸ್ ಪೂಜೆಯ ಹೊತ್ತಿಗೆ ಅರ್ಧ ಜನರ ಗಂಟಲು ಕಟ್ಟಿರುತ್ತದೆ! ನಮ್ಮ ಧ್ವನಿತಂತುಗಳು ಒಂದು ಅಂಗುಲಕ್ಕೂ ಚಿಕ್ಕವು. ಹೆಂಗಸರು ಸುಮ್ಮನೆ ಮಾತನಾಡುವಾಗಲೇ ಅವು ಸೆಕೆಂಡಿಗೆ ಸುಮಾರು 200 ಸಲ ಕಂಪಿಸುತ್ತವೆ, ಸ್ವರ ಏರಿದಂತೆ ಇನ್ನೂ ಹೆಚ್ಚು. ವರ್ಷವೆಲ್ಲ ಮಲಗಿಸಿ ಒಂದೇ ವಾರ ದುಡಿಸಿದರೆ ಅವು ಊದಿಕೊಳ್ಳದೆ ಇನ್ನೇನಾದಾವು? ದಿನಕ್ಕೆ ಹದಿನೈದು ನಿಮಿಷ ಸಾಕು. ನಮ್ಮ ನಾಡಿನ ಸಂಗೀತ ಗುರುಗಳು ಮುಂಜಾನೆ ಮಂದ್ರದಲ್ಲಿ ಸ್ವರ ಹಿಡಿಸಿ, ಸರಳೆ ವರಸೆಯನ್ನು ನಿಧಾನವಾಗಿ ಆರಂಭಿಸುವುದು ಇದಕ್ಕೇ. ನೀರು ಕುಡಿಯುತ್ತಿರಬೇಕು. ಗಂಟಲು ಕಟ್ಟಿದಾಗ ಪಿಸುಗುಟ್ಟುವುದಕ್ಕಿಂತ ಸುಮ್ಮನಿರುವುದು ಲೇಸು. ಮೂರು ವಾರವಾದರೂ ಸರಿಹೋಗದಿದ್ದರೆ ಕಷಾಯ ಬಿಟ್ಟು ವೈದ್ಯರ ಬಳಿ ಹೋಗಬೇಕು.

ಇನ್ನು ಹಾಡಿನ ಆಯ್ಕೆ. ಸಂತ ಹತ್ತನೇ ಪಿಯುಸ್ ಜಗದ್ಗುರುಗಳು 1903ರ ಇದೇ ನವೆಂಬರ್ 22ರಂದು ಪವಿತ್ರ ಸಂಗೀತದ ಕುರಿತು ಆದೇಶ ನೀಡಿದರು. ದ್ವಿತೀಯ ವ್ಯಾಟಿಕನ್ ಮಹಾಸಭೆಯ ನಂತರ 1967ರಲ್ಲಿ ಬಂದ ‘ಮೂಸಿಕಾಂ ಸಾಕ್ರಾಂ’ ಎಂಬ ನಿರ್ದೇಶನವು, ಹಾಡುವವರ ಸಾಮರ್ಥ್ಯ ನೋಡಿ ಹಾಡು ಆರಿಸಬೇಕೆಂದು ಸ್ಪಷ್ಟವಾಗಿ ತಿಳಿಸಿದೆ. ನಾವಾದರೋ ಸ್ಟುಡಿಯೋದಲ್ಲಿ ನುರಿತ ಗಾಯಕರು ಹಾಡಿದ್ದನ್ನು ಅದೇ ಶ್ರುತಿಯಲ್ಲಿ ಎತ್ತಿಕೊಳ್ಳುತ್ತೇವೆ. ಚರಣ ಮೇಲೇರಿದಂತೆ ಹಿಂದಿನ ಬೆಂಚುಗಳು ಮೌನವಾಗುತ್ತವೆ. ಹದಿಮೂರರ ಹುಡುಗನ ಧ್ವನಿ ಒಡೆದಾಗ ಜೊತೆಯವರು ನಗುತ್ತಾರೆ, ಅವನು ಮತ್ತೆ ಗಾನವೃಂದದತ್ತ ಸುಳಿಯುವುದಿಲ್ಲ. ನಲವತ್ತು ವರ್ಷ ಹಾಡಿದ ಅಜ್ಜಿಗೆ ‘ಇನ್ನು ಸಾಕು’ ಎನ್ನುತ್ತಾರೆ. ಆಕೆಗೆ ದೇವಾಲಯದಲ್ಲಿದ್ದ ಜಾಗವೇ ಹೋದಂತಾಗುತ್ತದೆ. ವಯಸ್ಸಾದಂತೆ ಉಸಿರು ಕಿರಿದಾಗುವುದು ನಿಜ. ಶ್ರುತಿ ಒಂದೆರಡು ಮನೆ ಇಳಿಸಿ, ಚಿಕ್ಕ ಚಿಕ್ಕ ಸಾಲಿನ ಹಾಡು ಕೊಟ್ಟರೆ ಆಕೆ ಇನ್ನೂ ಬಹಳ ವರ್ಷ ಹಾಡಿಯಾಳು. ಕೀಬೋರ್ಡಿನಲ್ಲಿ ಅದಕ್ಕೆಂದೇ ಒಂದು ಗುಂಡಿಯಿದೆ. ನುಡಿಸುವವರಿಗೆ ಗೊತ್ತು, ಒತ್ತುವುದಿಲ್ಲ ಅಷ್ಟೇ.

ಕ್ರಿಸ್ಮಸ್‌ಗೆ ಇನ್ನು 33 ದಿನಗಳಿವೆ. ನಾಳೆಯಿಂದ ಸಂಜೆ ಜಪಸರದ ಬಳಿಕ ಅರ್ಧ ಗಂಟೆ ಅಭ್ಯಾಸ ನಡೆಯುತ್ತದೆ. ಬಿಟ್ಟುಹೋದ ಹಿರಿಯರೂ ಧ್ವನಿ ಒಡೆಯುತ್ತಿರುವ ಹುಡುಗರೂ ಬನ್ನಿ. ಈಗ ಕಾಣಿಕೆ ಗೀತೆಯನ್ನು ಎಂದಿಗಿಂತ ಎರಡು ಮನೆ ಕೆಳಗೆ ನುಡಿಸುತ್ತಾರೆ. ಹಿಂದಿನ ಬೆಂಚಿನವರೂ ಸೇರಿಕೊಳ್ಳಿ.