ಮಿದುಳಿನ ಚೆಕ್‌ಪೋಸ್ಟ್ ದಾಟೋ ಔಷಧಿ

ಇವತ್ತಿನ ಪ್ರಶ್ನೆ: ಮಿದುಳಿನ ಕ್ಯಾನ್ಸರ್‌ಗೆ ನ್ಯಾನೋ ಔಷಧಿ ಬಂದಿದೆಯಂತೆ, ನಿಜಾನಾ? ನಾನು ಓದಿದ್ದು ಬಿ.ಕಾಂ., ಡಾಕ್ಟರ್ ಅಲ್ಲ. ಹಾಗಾಗಿ ನಮ್ಮೂರಿನ ಲೆಕ್ಕದಲ್ಲೇ ಹೇಳ್ತೀನಿ.

ಗುಂಡ್ಲುಪೇಟೆಯವರಿಗೆ ಮದ್ದೂರು ಚೆಕ್‌ಪೋಸ್ಟ್ ಗೊತ್ತು. ಬಂಡೀಪುರ ಕಾಡಲ್ಲಿ ರಾತ್ರಿ ಸಂಚಾರ ನಿಷೇಧ ಇರೋದ್ರಿಂದ 9 ಗಂಟೆಗೆ ಗೇಟ್ ಹಾಕ್ತಾರೆ. ಕೇರಳಕ್ಕೆ ಹೊರಟ ತರಕಾರಿ ಲಾರಿ ಬೆಳಿಗ್ಗೆ 6ರವರೆಗೆ ಕಾಯಲೇಬೇಕು. ಆಂಬ್ಯುಲೆನ್ಸ್ ಬಂದ್ರೆ ಗೇಟ್ ತೆಗೀತಾರೆ.

ನಮ್ಮ ಮಿದುಳಿಗೂ ಇಂಥದ್ದೊಂದು ಗೇಟ್ ಇದೆ. ಹೆಸರು ರಕ್ತ-ಮಿದುಳು ತಡೆಗೋಡೆ. ಅಲ್ಲಿನ ಸಣ್ಣ ರಕ್ತನಾಳಗಳ ಜೀವಕೋಶಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರ್ತವೆ. ವಿಷ, ರೋಗಾಣು ಒಳಗೆ ಹೋಗಬಾರದು ಅಂತ ಈ ವ್ಯವಸ್ಥೆ. ಆದ್ರೆ ಕ್ಯಾನ್ಸರ್ ಔಷಧಿಗಳಲ್ಲಿ ಬಹುಪಾಲು ಕೂಡ ಅಲ್ಲೇ ನಿಂತುಬಿಡ್ತವೆ. ಡೋಸ್ ಜಾಸ್ತಿ ಮಾಡಿದ್ರೆ ಉಳಿದ ಅಂಗಗಳಿಗೆ ಪೆಟ್ಟು.

ನ್ಯಾನೋ ಉಪಾಯ ಬರೋದು ಇಲ್ಲಿ. ಕೂದಲಿನ ದಪ್ಪ ಸುಮಾರು 80 ಸಾವಿರ ನ್ಯಾನೋಮೀಟರ್. 100 ನ್ಯಾನೋಮೀಟರ್ ಆಸುಪಾಸಿನ ಕಣದೊಳಗೆ ಔಷಧಿ ತುಂಬ್ತಾರೆ. ಮೇಲೆ ಟ್ರಾನ್ಸ್‌ಫೆರಿನ್ ಅಂಟಿಸ್ತಾರೆ. ಅದು ರಕ್ತದಲ್ಲಿ ಕಬ್ಬಿಣ ಹೊರೋ ಪ್ರೋಟೀನ್. ಮಿದುಳಿಗೆ ಕಬ್ಬಿಣ ಬೇಕು, ಹಾಗಾಗಿ ಗೇಟ್ ಅದನ್ನ ಗುರುತು ಹಿಡಿಯುತ್ತೆ. ಅಂದ್ರೆ ಲಾರಿಗೆ ಪಾಸ್ ಸಿಕ್ಕಿದ ಹಾಗೆ.

ಹಾಗಾದ್ರೆ ಇನ್ನೂ ಯಾಕೆ ಆಸ್ಪತ್ರೆಗೆ ಬಂದಿಲ್ಲ? ಒಂದು, ಕಣಗಳಲ್ಲಿ ಹೆಚ್ಚಿನವನ್ನ ಲಿವರ್ ಮತ್ತು ಗುಲ್ಮ ದಾರಿಯಲ್ಲೇ ಹಿಡಿದುಬಿಡ್ತವೆ. ಎರಡು, ಇಲಿಯಲ್ಲಿ ಗೆದ್ದದ್ದು ಮನುಷ್ಯರಲ್ಲಿ ಎಷ್ಟೋ ಸಲ ಸೋತಿದೆ. ಅಮೆರಿಕ 1995ರಲ್ಲೇ ಡಾಕ್ಸಿಲ್ ಅನ್ನೋ ನ್ಯಾನೋ ಔಷಧಿಗೆ ಒಪ್ಪಿಗೆ ಕೊಟ್ಟಿತ್ತು, ಆದ್ರೆ ಅದು ಬೇರೆ ಕ್ಯಾನ್ಸರ್‌ಗೆ.

ಗ್ಲಿಯೊಬ್ಲಾಸ್ಟೊಮಾ ಅನ್ನೋ ಕೆಟ್ಟ ಗೆಡ್ಡೆಗೆ ಇವತ್ತಿಗೂ ಮುಖ್ಯ ಚಿಕಿತ್ಸೆ ಆಪರೇಷನ್, ರೇಡಿಯೇಷನ್, ಟೆಮೊಜೊಲೊಮೈಡ್ ಮಾತ್ರೆ. 2005ರ ದೊಡ್ಡ ಅಧ್ಯಯನದಲ್ಲಿ ಈ ಮಾತ್ರೆ ಸೇರಿಸಿದ್ಮೇಲೆ ರೋಗಿಗಳು ಬದುಕೋ ಮಧ್ಯಮ ಅವಧಿ 12.1 ತಿಂಗಳಿಂದ 14.6ಕ್ಕೆ ಏರಿತು. ಎರಡೂವರೆ ತಿಂಗಳು, ಅಷ್ಟೇ. ಅದಕ್ಕೇ ಮನೆಯವರು ಯಾವ ಆಸೆ ಕಂಡ್ರೂ ಹಿಡ್ಕೊಳ್ತಾರೆ, ಜಮೀನು ಅಡ ಇಡೋಕೂ ಹಿಂದೆ ಮುಂದೆ ನೋಡಲ್ಲ.

ಯಾರಾದ್ರೂ 'ನ್ಯಾನೋ ಚಿಕಿತ್ಸೆ, ಇಷ್ಟು ಲಕ್ಷ' ಅಂದ್ರೆ ಒಂದೇ ಮಾತು ಕೇಳಿ: 'ಇದು ಪ್ರಯೋಗವಾ? ಹಾಗಿದ್ರೆ ಸಿಟಿಆರ್‌ಐ ನೋಂದಣಿ ಸಂಖ್ಯೆ ಕೊಡಿ.' ನಮ್ಮ ದೇಶದಲ್ಲಿ ಹೊಸ ಔಷಧಿಯ ಪ್ರಯೋಗಗಳನ್ನ ಅಲ್ಲಿ ನೋಂದಾಯಿಸಲೇಬೇಕು. ಮೊಬೈಲಲ್ಲೇ ಹುಡುಕಬಹುದು. ಸಂಖ್ಯೆ ಕೊಡದಿದ್ರೆ ದುಡ್ಡು ಕೊಡಬೇಡಿ.

ಇನ್ನೊಂದು ಮಾತು. ಬೆಳಿಗ್ಗೆ ಎದ್ದ ಕೂಡಲೇ ತಲೆನೋವು ಜೊತೆಗೆ ವಾಂತಿ, ದೊಡ್ಡವರಾದ್ಮೇಲೆ ಮೊದಲ ಸಲ ಫಿಟ್ಸ್, ಒಂದು ಕಡೆ ಕೈಕಾಲು ಸೋತುಹೋಗೋದು – ಇವು ಕಂಡ್ರೆ ಕೈಗೆ ಬೀಗದಕೈ ಕೊಟ್ಟು ಸುಮ್ಮನಾಗಬೇಡಿ. ಡಾಕ್ಟರ್ ಹತ್ರ ಹೋಗಿ, ಸ್ಕ್ಯಾನ್ ಬೇಕಾ ಕೇಳಿ. ಬೆಂಗಳೂರಲ್ಲಿ ನಿಮ್ಹಾನ್ಸ್ ಇದೆ, ಕಿದ್ವಾಯಿ ಇದೆ. ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ವಿಚಾರಿಸಿ.

ಆ ಪಾಸ್ ಇರೋ ಲಾರಿ ಒಂದು ದಿನ ಬರಬಹುದು. ಅಲ್ಲಿವರೆಗೆ ಇರೋ ಚಿಕಿತ್ಸೆಗೆ ತಡ ಮಾಡದೆ ಹೋಗಿ. ಈ ಕಂತನ್ನ ಮನೆಯ ಹಿರಿಯರಿಗೂ ಕೇಳಿಸಿ. ಮುಂದಿನ ವಾರ ಸಿಗೋಣ.