ಇಳಕಲ್ಲ: ಸೆರಗಿಗೆ ಕೊಂಡಿ ಹಾಕುವ ಊರು



ಕೈಯಿಂದ ಮಾಡಿದ ವಸ್ತು ಕಂಡರೆ ನಿಂತು ನೋಡುವ ಚಟ ನನಗೆ ಚಿಕ್ಕಂದಿನಿಂದಲೂ ಇದೆ. ಕಿನ್ನಾಳದ ಗೊಂಬೆ, ಬೀದರಿನ ಬಿದರಿ ಹೂಜಿ, ನವಲಗುಂದದ ಜಮಖಾನೆ, ಎಲ್ಲವೂ ಇಷ್ಟವೇ. ಆದರೆ ಯಾವುದಾದರೂ ಒಂದು ಊರು ತೋರಿಸಿ ಎಂದರೆ ನಾನು ಸೀರೆಗೆ ಹೆಸರಾದ ಇಳಕಲ್ಲಿನ ದಾರಿ ಹಿಡಿಯುತ್ತೇನೆ.

ಬಾಗಲಕೋಟೆಯಿಂದ ಹೊರಟರೆ ಕರದಂಟಿಗೆ ಹೆಸರಾದ ಅಮೀನಗಡ ಸಿಗುತ್ತದೆ, ಆಮೇಲೆ ಹುನಗುಂದ, ಅದರಾಚೆ ಇಳಕಲ್ಲ. ಕೆಂಪು ಗ್ರಾನೈಟಿನ ಗಣಿಗಳಿಂದಲೂ ಈ ಊರು ದೂರದೇಶಗಳಿಗೆ ಗೊತ್ತು. ಇಲ್ಲಿನ ವಿಜಯ ಮಹಾಂತೇಶ ಮಠದ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ, ದುಡ್ಡಲ್ಲ, ನಿಮ್ಮ ದುಶ್ಚಟ ಹಾಕಿರಿ ಎಂದು ಬೇಡಿದವರು. ದಿನದ ದುಡಿಮೆಯ ಮೇಲೆ ಬದುಕುವ ಮನೆಗಳಿಗೆ ಆ ಜೋಳಿಗೆಯ ಬೆಲೆ ಚೆನ್ನಾಗಿ ಗೊತ್ತು.

ನೇಕಾರರ ಓಣಿಗೆ ಬಂದಾಗ ಮೊದಲು ಕಿವಿಗೊಟ್ಟು ಕೇಳಿ. ಒಂದೇ ಸಮನೆ ಗದ್ದಲ ಹಾಕುತ್ತಿದ್ದರೆ ಅದು ವಿದ್ಯುತ್ ಮಗ್ಗ. ಖಟ್ ಎಂದು ಬಡಿದು, ತುಸು ತಡೆದು, ಮತ್ತೆ ಬಡಿದರೆ ಅದು ಕೈಮಗ್ಗ. ಆ ತಡೆಯಲ್ಲಿ ನೇಕಾರ ಹರಿದ ಎಳೆಯೊಂದನ್ನು ಕೂಡಿಸುತ್ತಿರುತ್ತಾನೆ, ಇಲ್ಲವೆ ಲಾಳಿಯೊಳಗಿನ ನೂಲಿನ ಕಂಡಿಕೆ ಬದಲಿಸುತ್ತಿರುತ್ತಾನೆ. ಒಳಗೆ ನೆಲದಲ್ಲಿ ಕುಣಿ, ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತ ನೇಕಾರ, ಪಕ್ಕದಲ್ಲಿ ಕಂಡಿಕೆ ಸುತ್ತುವ ಮನೆಯಾಕೆ. ಮನೆಯೇ ಕಾರ್ಖಾನೆ.

ಇಳಕಲ್ಲ ಸೀರೆಯ ಗುಟ್ಟು ಅದರ ಸೆರಗಿನಲ್ಲಿದೆ. ಸೀರೆಯ ಒಡಲಿಗೆ ಒಂದು ಹಾಸು (ಮಗ್ಗದ ಉದ್ದೆಳೆಗಳ ಸಾಲು), ಸೆರಗಿಗೆ ಕೆಂಪು ರೇಷ್ಮೆಯ ಬೇರೆಯೇ ಹಾಸು. ಒಡಲಿನ ಒಂದೊಂದು ಎಳೆಯನ್ನೂ ಕುಣಿಕೆ ಮಾಡಿ, ಅದರೊಳಗೆ ಸೆರಗಿನ ಎಳೆ ತೂರಿಸಿ ಜೋಡಿಸುತ್ತಾರೆ. ಇದೇ ಕೊಂಡಿ. ಹೀಗೆ ಸಾವಿರಾರು ಎಳೆಗಳನ್ನು ಬೆರಳಿನಿಂದಲೇ ಕೂಡಿಸಿದ ಮೇಲೆ ನೇಯ್ಗೆ ಶುರು. ಸೆರಗಿನಲ್ಲಿ ಮೂರು ಕೆಂಪು ಪಟ್ಟಿ, ನಡುವೆ ಎರಡು ಬಿಳಿ ಪಟ್ಟಿ. ಬಿಳಿಯ ಅಂಚಿನಲ್ಲಿ ಜೋಳದ ತೆನೆಯ, ಹಣಿಗೆಯ, ಕೋಟೆಯ ಗೋಡೆಯ ಆಕಾರಗಳು. ಇದನ್ನೇ ತೋಪು ತೆನೆ ಸೆರಗು ಎನ್ನುವುದು.

ಕೊಂಡಿ ಹಾಕುವುದರಿಂದ ಒಂದು ಕಷ್ಟವೂ ಉಂಟು. ಉದ್ದನೆಯ ಹಾಸು ಏರಿಸಿ ಒಂದರ ಹಿಂದೊಂದು ಸೀರೆ ನೇಯ್ದು ಕತ್ತರಿಸುವ ಹಾಗಿಲ್ಲ. ಆರು, ಎಂಟು, ಒಂಬತ್ತು ಗಜ, ಬೇಕಾದಷ್ಟೇ ಉದ್ದದ ಹಾಸನ್ನು ಪ್ರತಿ ಸೀರೆಗೂ ಹೊಸದಾಗಿ ಮಾಡಬೇಕು. ಒಂದು ಸೀರೆಗೆ ವಾರವೇ ಹಿಡಿದರೂ ಹಿಡಿಯಿತು. ಬಹಳಷ್ಟು ಮನೆಗಳಲ್ಲಿ ನೂಲು ಸಾಹುಕಾರರದ್ದು, ನೇಕಾರನಿಗೆ ಸೀರೆಗೆ ಇಷ್ಟು ಎಂದು ಮಜೂರಿ. ಹೊತ್ತು ಹೆಚ್ಚಾದಷ್ಟೂ ಗಳಿಕೆ ಕಡಿಮೆ. ಹೊಸ ಹುಡುಗರು ಕುಣಿಗೆ ಇಳಿಯಲು ಹಿಂದೆಮುಂದೆ ನೋಡುವುದು ಇದಕ್ಕೇ. ಅವರನ್ನು ಸೋಮಾರಿಗಳೆಂದು ಬೈದು ಪ್ರಯೋಜನವಿಲ್ಲ.

ಈ ಸೀರೆ ಒಬ್ಬಂಟಿಯೂ ಅಲ್ಲ. ಇದರ ಮೇಲೆ ತೊಡಲು ಗುಳೇದಗುಡ್ಡದ ಖಣದ ಕುಪ್ಪಸ ಬೇಕು. ಸೆರಗಿನ ಮೇಲೆ ಧಾರವಾಡದ ಕಡೆಯ ಹೆಣ್ಣುಮಕ್ಕಳು ಕಸೂತಿ ಹಾಕುತ್ತಾರೆ: ಗೋಪುರ, ತೇರು, ಆನೆ, ತುಳಸಿಕಟ್ಟೆ. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಸೂಜಿ ಚುಚ್ಚುತ್ತಾರೆ. ಗವಂತಿ, ಮುರಗಿ ಹೊಲಿಗೆಗಳಲ್ಲಿ ಗಂಟು ಹಾಕುವುದಿಲ್ಲ. ತಿರುವಿ ನೋಡಿದರೂ ಚಿತ್ತಾರ ಹಾಗೇ ಇರುತ್ತದೆ. ಹೀಗೆ ಒಂದು ಸೀರೆ ಮಾರಾಟವಾದರೆ ಮೂರು ಊರಿನ ಒಲೆ ಉರಿಯುತ್ತದೆ.

ಇಳಕಲ್ಲ ಸೀರೆಗೆ ಈಗ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಮಾನ್ಯತೆಯ ಪತ್ರ ಗೋಡೆಗೆ ಭೂಷಣ, ಆದರೆ ಮಗ್ಗ ನಡೆಸುವುದು ಕೊಳ್ಳುವವರ ಕಣ್ಣು. ಅಂಗಡಿಗೆ ಹೋದಾಗ ಸೀರೆಯನ್ನು ಪೂರ್ತಿ ಬಿಚ್ಚಿಸಿ. ಒಡಲು, ಸೆರಗು ಸೇರುವ ಜಾಗ ಹುಡುಕಿ, ಕೊಂಡಿಯ ಗೆರೆಯ ಮೇಲೆ ಬೆರಳಾಡಿಸಿ. ಕೊಂಡಿ ಇಲ್ಲದಿದ್ದರೆ ಸೆರಗಿನ ಕೆಂಪಿನಲ್ಲಿ ಒಡಲಿನ ಬಣ್ಣದ ನೂಲು ಇಣುಕುತ್ತದೆ. ಕೊಂಡಿ ಸಿಕ್ಕಿತೇ? ಹಾಗಾದರೆ ಚೌಕಾಶಿಗೆ ಇಳಿಯಬೇಡಿ, ಕೇಳಿದ ಬೆಲೆ ಕೊಟ್ಟು ತನ್ನಿ.